ಮ್ಯಾಕ್ರೋಗೆ ಕಡಿಮೆ ಬೆಲೆಯ ಟ್ರೈಪಾಡ್ ಹೆಡ್ ಯಾವುದು ತಗೊಳ್ಳಲಿ?

ಅಣಬೆ ಬೇಟೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯುವ ಮೊದಲೇ ಮ್ಯಾಕ್ರೋಗೆ, ಅಂದರೆ ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವುದಕ್ಕೆ, ಒಂದು ಟ್ರೈಪಾಡ್ ಹೆಡ್ (ಟ್ರೈಪಾಡ್ ಕಾಲುಗಳ ಮೇಲೆ ಕ್ಯಾಮೆರಾ ಕೂರಿಸಿ ತಿರುಗಿಸುವ ಭಾಗ) ಕೊಳ್ಳಬೇಕೆಂದಿದ್ದೇನೆ. ನಾನು ತೆಗೆಯುವುದು ಹೆಚ್ಚಾಗಿ ಅಣಬೆ, ಪಾಚಿ, ಬೆಟ್ಟದಲ್ಲಿ ಸಿಗುವ ಸಣ್ಣ ಹೂಗಳು. ಹುಳ ಹುಪ್ಪಟೆ ಕಡಿಮೆ. ಕ್ಯಾಮೆರಾ ಕ್ಯಾನನ್ 80ಡಿ. ಲೆನ್ಸ್ ಕ್ಯಾನನ್‌ನದೇ ಹಳೆಯ 100 ಮಿ.ಮೀ. ಎಫ್/2.8 ಮ್ಯಾಕ್ರೋ, ಕೆಂಪು ಗೆರೆಯ ಎಲ್ ಲೆನ್ಸ್ ಅಲ್ಲ, ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇಲ್ಲದ್ದು.

ಟ್ರೈಪಾಡ್ ಕಾಲುಗಳು ಪರವಾಗಿಲ್ಲ. ಅಲ್ಯೂಮಿನಿಯಂ, ಮಧ್ಯದ ಕೋಲು ತೆಗೆದರೆ ನೆಲದ ಹತ್ತಿರದವರೆಗೂ ಅಗಲಿಸಬಹುದು. ತೊಂದರೆ ಕೊಡುತ್ತಿರುವುದು ಅದರ ಜೊತೆಗೇ ಬಂದ ಸಣ್ಣ ಬಾಲ್ ಹೆಡ್, ಒಳಗಿನ ಗುಂಡಿನ ಮೇಲೆ ಎಲ್ಲ ಕಡೆಗೂ ತಿರುಗುವಂಥದ್ದು. ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್‌ನಲ್ಲೇ ನೋಡುತ್ತಾ) 10 ಪಟ್ಟು ದೊಡ್ಡದು ಮಾಡಿ, ಅಣಬೆಯ ಕೊಡೆಯ ಕೆಳಗಿನ ಪದರಕ್ಕೆ ಸರಿಯಾಗಿ ಫೋಕಸ್ ಮಾಡುತ್ತೇನೆ. ನಾಬ್ ಬಿಗಿ ಮಾಡಿ ಕೈ ಬಿಟ್ಟ ಕೂಡಲೇ ಲೆನ್ಸ್ ಮೂತಿ ಬಗ್ಗುತ್ತದೆ, ಪದರ ಸ್ಕ್ರೀನ್‌ನಿಂದ ಮೇಲಕ್ಕೆ ಹೋಗಿಬಿಡುತ್ತದೆ. ಬಗ್ಗುತ್ತದಲ್ಲ ಅಂತ ಮೊದಲೇ ಸ್ವಲ್ಪ ಮೇಲಕ್ಕೆ ಹಿಡಿದು ಬಿಗಿ ಮಾಡಿದರೆ, ಆ ಸಲ ಬೇಕಂತಲೇ ಬಗ್ಗುವುದಿಲ್ಲ!

ಬಜೆಟ್ 8000 ರೂಪಾಯಿ. ತೀರಾ ಚೆನ್ನಾಗಿದ್ದರೆ ಇನ್ನೊಂದು ಸಾವಿರ ಹಾಕಬಹುದು. ಏನು ತಗೊಳ್ಳಲಿ?

ಕೈಯಲ್ಲೇ ಸಾಕು (ಬೆಂಗಳೂರು)

ಟ್ರೈಪಾಡ್ ಮಾರಿಬಿಡಿ, ಆ ದುಡ್ಡಿಗೆ ಒಂದು ಫ್ಲ್ಯಾಶ್ ತಗೊಳ್ಳಿ. ಜೋಕ್ ಅಲ್ಲ. ಫ್ಲ್ಯಾಶ್ ಕಡಿಮೆ ಪವರ್‌ನಲ್ಲಿ ಹೊಡೆದರೆ ಬೆಳಕು ಬೀಳುವುದೇ ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗ. ಕೈ ನಡುಗಿದರೂ, ಗಾಳಿಗೆ ಹೂ ಅಲ್ಲಾಡಿದರೂ ಫೋಟೋ ಶಾರ್ಪ್. ಮುಂದೆ ಒಂದು ತೆಳು ಬಿಳಿ ಫೋಮ್ ಹಾಳೆ ಬಗ್ಗಿಸಿ ಕಟ್ಟಿದರೆ ಬೆಳಕು ಮೆದು ಮಾಡುವ ಡಿಫ್ಯೂಸರ್ ಕೂಡ ಆಯಿತು. ತುರಹಳ್ಳಿ ಕಾಡಿನಲ್ಲಿ ನೆಗೆಯುವ ಜೇಡದ ಹಿಂದೆ ಟ್ರೈಪಾಡ್ ಹೊತ್ತುಕೊಂಡು ಓಡೋಕಾಗುತ್ತಾ ಹೇಳಿ.

ಅಣಬೆ ಬೇಟೆ (ಶಿರಸಿ)

ಅಣಬೆ ಓಡುವುದಿಲ್ಲವಲ್ಲ ಸಾರ್ 🙂

ಫ್ಲ್ಯಾಶ್ ಇದೆ, ಹುಳಗಳಿಗೆ ಬಳಸುತ್ತೇನೆ. ಆದರೆ ಕಾಡಿನೊಳಗೆ ಅಣಬೆಗೆ ಫ್ಲ್ಯಾಶ್ ಹೊಡೆದರೆ ಹಿಂದಿನದೆಲ್ಲ ಕಪ್ಪು. ಆ ಹಸಿರು ಬೆಳಕೇ ನನಗೆ ಬೇಕಾದದ್ದು. ಮೋಡ ಕವಿದ ದಿನ ಮರದಡಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಎಫ್/11 (ಲೆನ್ಸ್ ಕಿಂಡಿ ಕಿರಿದು) ಇಟ್ಟರೆ ಶಟರ್ ಒಂದೆರಡು ಸೆಕೆಂಡಿಗೆ ಬಂದು ನಿಲ್ಲುತ್ತದೆ. ಕೈಯಲ್ಲಿ ಆಗುವ ಮಾತಲ್ಲ.

ಹಳೇ ರೋಲು (ಮೈಸೂರು)

ಹಾಗಾದರೆ ಅಕ್ಕ, ಬಾಲ್ ಹೆಡ್ ಆಸೆ ಬಿಡಿ. ತ್ರೀ-ವೇ ಹೆಡ್ ತಗೊಳ್ಳಿ. ಮೂರು ಹಿಡಿ ಇರುತ್ತದಲ್ಲ, ಹಳೇ ಸ್ಟುಡಿಯೋಗಳಲ್ಲಿ ಕಾಣುತ್ತಿತ್ತಲ್ಲ, ಅದು. ಈಗ ಯಾರಿಗೂ ಬೇಡ, ಅದಕ್ಕೇ ಅಗ್ಗ.

ಕಾರಣ ಹೇಳುತ್ತೇನೆ. ಬಾಲ್ ಹೆಡ್‌ನಲ್ಲಿ ನಾಬ್ ಸಡಿಲ ಮಾಡಿದರೆ ಎಲ್ಲ ದಿಕ್ಕೂ ಒಟ್ಟಿಗೆ ಸಡಿಲ. ನೀವು ಬಯಸಿದ್ದು ಅಣಬೆ ಒಂಚೂರು ಎಡಕ್ಕೆ ಬರಲಿ ಅಂತ, ಅಷ್ಟರಲ್ಲಿ ಕ್ಯಾಮೆರಾ ಮೇಲೆ ಕೆಳಗೂ ಹೋಯಿತು, ವಾರೆಯೂ ಆಯಿತು. ಹಕ್ಕಿಗೆ, ಮದುವೆ ಫೋಟೋಗೆ ಆ ಸ್ವಾತಂತ್ರ್ಯ ಬೇಕು. ಮ್ಯಾಕ್ರೋಗೆ ಅದೇ ಶತ್ರು. ತ್ರೀ-ವೇನಲ್ಲಿ ಒಂದು ಹಿಡಿ ತಿರುಗಿಸಿದರೆ ಒಂದೇ ದಿಕ್ಕು. ಮಿಕ್ಕ ಎರಡು ಕೂತಲ್ಲೇ ಕೂತಿರುತ್ತವೆ.

ಮ್ಯಾನ್‌ಫ್ರೋಟೋ 804ಆರ್‌ಸಿ2 ಅಂತ ಒಂದು ಹಳೇ ಮಾಡೆಲ್ ಇದೆ. ಗಟ್ಟಿ ಪ್ಲಾಸ್ಟಿಕ್ ಮೈ, ತೂಕ ಸುಮಾರು 800 ಗ್ರಾಂ, ಕಂಪನಿ ಹೇಳುವ ಭಾರ 4 ಕೆಜಿ. ನಿಮ್ಮ ಕ್ಯಾಮೆರಾ ಲೆನ್ಸ್ ಎರಡೂ ಸೇರಿ ಒಂದೂವರೆ ಕೆಜಿಯೂ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ, ನಿಮ್ಮ ಬಜೆಟ್‌ನಲ್ಲಿ ಮಿಕ್ಕೂ ಮಿಗುತ್ತದೆ. ಕೊಳ್ಳುವಾಗ ಪ್ಲೇಟ್ (ಕ್ಯಾಮೆರಾ ತಳಕ್ಕೆ ಹಾಕಿ ಹೆಡ್‌ಗೆ ಸಿಕ್ಕಿಸುವ ತಟ್ಟೆ) ಜೊತೆಗಿದೆಯಾ ನೋಡಿ. ಅದನ್ನು ಕಳೆದುಕೊಂಡು ಮಾರುವವರೇ ಜಾಸ್ತಿ.

ಕರಾವಳಿ ಕಣ್ಣು (ಉಡುಪಿ)

ಎಂತ ಮಾರಾಯ್ರೆ, ಬಾಲ್ ಹೆಡ್ ಅಷ್ಟು ಕೆಟ್ಟದ್ದಾ? ಅವರ ಹತ್ತಿರ ಇರುವುದು ಟ್ರೈಪಾಡ್ ಜೊತೆ ಪುಕ್ಕಟೆ ಬಂದದ್ದು. ಅದನ್ನು ನೋಡಿ ಇಡೀ ಜಾತಿಯನ್ನೇ ಬೈಯುವುದು ಸರಿಯಲ್ಲ.

ಗುಂಡಿನ ಅಳತೆ ನೋಡಬೇಕು. ಪುಕ್ಕಟೆ ಹೆಡ್‌ಗಳಲ್ಲಿ ಗುಂಡು ಸಣ್ಣದು. ಸುಮಾರು 36 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಗುಂಡಿನ ಹೆಡ್ ತಗೊಳ್ಳಿ, ಅದಕ್ಕೆ ಬೇರೆಯೇ ಒಂದು ಫ್ರಿಕ್ಷನ್ ನಾಬ್ ಇರಬೇಕು. ಫ್ರಿಕ್ಷನ್ ಸ್ವಲ್ಪ ಬಿಗಿ ಇಟ್ಟರೆ ಕ್ಯಾಮೆರಾ ತಾನಾಗಿ ಬೀಳುವುದಿಲ್ಲ, ಕೈಯಿಂದ ದೂಡಿದರೆ ಮಾತ್ರ ಹೋಗುತ್ತದೆ. ಆಮೇಲೆ ದೊಡ್ಡ ನಾಬ್ ಬಿಗಿ ಮಾಡಿದರೆ ಜಾರುವುದು ತುಂಬಾ ಕಡಿಮೆ. ಕೆಳಗೆ ಸುತ್ತಲು ಪ್ರತ್ಯೇಕ ಲಾಕ್ ಇರುವುದನ್ನೇ ತಗೊಳ್ಳಿ.

ಇನ್ನೊಂದು, ಬಾಕ್ಸ್ ಮೇಲೆ 10 ಕೆಜಿ, 15 ಕೆಜಿ ಅಂತ ಬರೆದದ್ದನ್ನು ನೋಡಿ ಮರುಳಾಗಬೇಡಿ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಒಂದು ಪದ್ಧತಿ ಅಂತ ಇಲ್ಲ. ನೇರ ಮೇಲೆ ಇಟ್ಟ ಭಾರವಾ, ವಾರೆ ಹಿಡಿದದ್ದಾ, ಬಿದ್ದುಹೋಗುವ ಮಟ್ಟವಾ, ಅಲ್ಲಾಡದ ಮಟ್ಟವಾ, ಅವರವರ ಲೆಕ್ಕ ಅವರಿಗೆ. 15 ಕೆಜಿ ಅಂತ ಬರೆದ ಒಂದು ಹೆಡ್ ನನ್ನ ಹತ್ತಿರವೂ ಇತ್ತು. ಕಂಪನಿ ಹೆಸರು ಬೇಡ. ಅರ್ಧ ಕೆಜಿ ಕ್ಯಾಮೆರಾಕ್ಕೇ ತಲೆ ಬಾಗಿಸುತ್ತಿತ್ತು, ಭಾರೀ ವಿನಯ ಅದಕ್ಕೆ.

ಗೇರ್ ಬಾಕ್ಸ್ (ಹುಬ್ಬಳ್ಳಿ)

ನಾನು ಲೇತ್ ಕೆಲಸದವ, ಫೋಟೋ ಹವ್ಯಾಸ. ಈ ಜಾರುವುದರ ಬಗ್ಗೆ ಎರಡು ಮಾತು.

ಮೊದಲು ಲೆಕ್ಕ. ಆ ಲೆನ್ಸ್ 1:1ಕ್ಕೆ ಬಂದಾಗ ಸೆನ್ಸರ್‌ನಿಂದ ಅಣಬೆಗೆ ಇರುವ ದೂರ 31 ಸೆಂ.ಮೀ. ಹೆಡ್‌ನಲ್ಲಿ ಒಂದು ಡಿಗ್ರಿಯ ಐದನೇ ಒಂದು ಭಾಗ ಬಗ್ಗಿದರೂ ಅಣಬೆಯ ಹತ್ತಿರ ಸುಮಾರು 1 ಮಿ.ಮೀ. ಸರಿದಂತೆ. 80ಡಿ ಸೆನ್ಸರ್ ಎತ್ತರವೇ ಸುಮಾರು 15 ಮಿ.ಮೀ. 1:1 ಅಂದರೆ ಅಷ್ಟೇ ಎತ್ತರದ ಜಾಗ ಫ್ರೇಮ್‌ನಲ್ಲಿ ಕಾಣುವುದು. ಅಂದರೆ ಹದಿನೈದರಲ್ಲಿ ಒಂದು ಪಾಲು ಚಿತ್ರ ಜಾರಿತು. 10 ಪಟ್ಟು ದೊಡ್ಡದು ಮಾಡಿ ನೋಡುವಾಗ ಸ್ಕ್ರೀನ್‌ನಲ್ಲಿ ಕಾಣುವುದು ಬರೀ ಒಂದೂವರೆ ಮಿ.ಮೀ. ಎತ್ತರ. ಅದಕ್ಕೇ ಪದರ ಮಾಯ. ಇದೇ ಹೆಡ್ ಮೇಲೆ ಬೆಟ್ಟದ ಫೋಟೋ ತೆಗೆದರೆ ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಜಾರುವುದು ಯಾಕೆ. ಎಲ್ಲ ಬೈಗುಳ ಗುಂಡಿಗೇ ಬೀಳುತ್ತಿದೆ, ಆದರೆ ತಪ್ಪು ಮೂರು ಕಡೆ ಇರಬಹುದು. ಬಿಗಿ ಮಾಡುವಾಗ ಒಳಗಿನ ಹಿಡಿಕೆ ಗುಂಡನ್ನು ಒಂದು ಬದಿಗೆ ಒತ್ತುತ್ತದೆ, ಅದು ಒಂದು. ಪ್ಲೇಟ್ ಮೇಲಿನ ರಬ್ಬರ್ ದಪ್ಪ ಇದ್ದರೆ ಕ್ಯಾಮೆರಾ ಭಾರಕ್ಕೆ ಅದು ನಿಧಾನ ಒತ್ತಿಕೊಳ್ಳುತ್ತದೆ, ಅದು ಎರಡು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಭಾರ ಹೆಡ್‌ನ ಮೇಲೆ ಇಲ್ಲ, ಮುಂದಿದೆ. ಕ್ಯಾಮೆರಾ ತಳಕ್ಕೆ ಸ್ಕ್ರೂ ಹಾಕಿದ್ದೀರಿ, 100 ಮಿ.ಮೀ. ಲೆನ್ಸ್ ಮುಂದಕ್ಕೆ ಚಾಚಿಕೊಂಡಿದೆ.

ಒಂದು ಪರೀಕ್ಷೆ ಮಾಡಿ. ಬಿಗಿ ಮಾಡಿ ಕೈ ಬಿಡಿ. ಚಿತ್ರ ತಟ್ಟನೆ ಒಮ್ಮೆ ಜಾರಿ ನಿಂತರೆ ಅದು ಗುಂಡು. ನಿಧಾನಕ್ಕೆ, ನೋಡುತ್ತಾ ಇದ್ದ ಹಾಗೆ ಇಳಿದರೆ ರಬ್ಬರ್ ಅಥವಾ ಪ್ಲೇಟ್. ಹೇಳಿ, ನಿಮ್ಮದು ಯಾವುದು?

ಅಣಬೆ ಬೇಟೆ (ಶಿರಸಿ)

ಈಗಷ್ಟೇ ಅಂಗಳದ ದಾಸವಾಳಕ್ಕೆ ಇಟ್ಟು ನೋಡಿದೆ. ಎರಡೂ ಇದೆ! ತಟ್ಟನೆ ಒಂದು ಜಿಗಿತ, ಆಮೇಲೆ ಮೆಲ್ಲಗೆ ಇನ್ನೂ ಚೂರು ಇಳಿಯುತ್ತದೆ. ಲೆನ್ಸ್ ಅಡಿಗೆ ಬೆರಳು ಕೊಟ್ಟು ಹಗುರವಾಗಿ ಎತ್ತಿ ಹಿಡಿದರೆ ಎರಡೂ ನಿಲ್ಲುತ್ತದೆ.

ಗೇರ್ ಬಾಕ್ಸ್ (ಹುಬ್ಬಳ್ಳಿ)

ಆ ಬೆರಳಿನ ಕೆಲಸ ಮಾಡುವ ವಸ್ತು ಒಂದಿದೆ, ಅದಕ್ಕೆ ಕಾಲರ್ ಅನ್ನುತ್ತಾರೆ. ದೊಡ್ಡ ಟೆಲಿ ಲೆನ್ಸ್‌ಗಳಿಗೆ ಇರುತ್ತದಲ್ಲ, ಲೆನ್ಸ್ ಸುತ್ತ ಬಳೆ, ಕೆಳಗೆ ಒಂದು ಪಾದ. ನಿಮ್ಮ ಲೆನ್ಸ್‌ಗೂ ಕ್ಯಾನನ್ ಟ್ರೈಪಾಡ್ ಮೌಂಟ್ ರಿಂಗ್ ಬಿ ಅಂತ ಮಾಡಿದೆ, ಕಪ್ಪು ಬಣ್ಣದ್ದು. ಎಲ್ ಲೆನ್ಸ್‌ಗೆ ರಿಂಗ್ ಡಿ, ಅದು ಬೇರೆ. ತಪ್ಪಿ ಅದನ್ನು ತರಿಸಬೇಡಿ, ಕೂರುವುದಿಲ್ಲ. ಕ್ಯಾನನ್‌ದೇ ತಗೊಂಡರೆ ದುಬಾರಿ. ಬೇರೆಯವರು ಮಾಡಿದ ಅದೇ ಅಳತೆಯ ಬಳೆ ಆನ್‌ಲೈನ್‌ನಲ್ಲಿ ಸಿಗುತ್ತದೆ, ಸ್ವಲ್ಪ ದುಡ್ಡಿಗೆ.

ಇದನ್ನು ಹಾಕಿದರೆ ಭಾರ ಹೆಡ್‌ನ ನೆತ್ತಿಗೆ ಹತ್ತಿರ ಬರುತ್ತದೆ. ಮುಂದಕ್ಕೆ ಎಳೆಯುವುದು ಬಹುಪಾಲು ನಿಲ್ಲುತ್ತದೆ. ಇನ್ನೊಂದು ಲಾಭ, ಅಡ್ಡ ಫೋಟೋದಿಂದ ಉದ್ದ ಫೋಟೋಗೆ ಹೋಗಲು ಹೆಡ್ ಮುಟ್ಟುವುದೇ ಬೇಡ. ಬಳೆ ಸಡಿಲ ಮಾಡಿ ಕ್ಯಾಮೆರಾ ತಿರುಗಿಸಿದರೆ ಆಯಿತು. ಫ್ರೇಮ್‌ನ ನಡು ಅಲ್ಲೇ ಇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಮೊದಲು ಕಾಲರ್, ಆಮೇಲೆ ಹೆಡ್. ಜೋಲುವ ಭಾರವನ್ನು ಹಾಗೇ ಬಿಟ್ಟು ದುಬಾರಿ ಹೆಡ್ ತಗೊಳ್ಳುವುದು ಸುಮ್ನೆ ದುಡ್ಡು ದಂಡ.

ಕರಾವಳಿ ಕಣ್ಣು (ಉಡುಪಿ)

ಇದು ಸರಿಯಾದ ಮಾತು. ಬಾಲ್ ಹೆಡ್‌ನ ಪಕ್ಕದ ಸೀಳಿಗೆ ಕ್ಯಾಮೆರಾ ಬೀಳಿಸಿ ಉದ್ದ ಫೋಟೋ ತೆಗೆಯುವಾಗ ಜಾರುವುದೇ ಜಾಸ್ತಿ. ಕಾಲರ್ ಹಾಕಲಾಗದ ಲೆನ್ಸ್ ಇದ್ದವರು ಎಲ್ ಬ್ರಾಕೆಟ್ (ಕ್ಯಾಮೆರಾದ ತಳಕ್ಕೂ ಪಕ್ಕಕ್ಕೂ ಬರುವ L ಆಕಾರದ ಪ್ಲೇಟ್) ನೋಡಬಹುದು.

ಹೊಸ ಕಣ್ಣು (ತುಮಕೂರು)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನ ಹತ್ತಿರ ವಿಡಿಯೋ ಟ್ರೈಪಾಡ್ ಇದೆ, ಉದ್ದ ಹಿಡಿ ಇರುವ ಫ್ಲೂಯಿಡ್ ಹೆಡ್. ನಯವಾಗಿ ತಿರುಗುತ್ತದೆ. ಮ್ಯಾಕ್ರೋಗೆ ಆಗುತ್ತಾ?

ಹಳೇ ರೋಲು (ಮೈಸೂರು)

ಅಡ್ಡ ಫೋಟೋಗೆ ಆಗುತ್ತದೆ ತಮ್ಮಾ. ವಿಡಿಯೋ ಹೆಡ್ ಪಕ್ಕಕ್ಕೆ ವಾಲುವುದಿಲ್ಲ, ಎರಡೇ ಚಲನೆ. ನೆಲ ಏರುಪೇರಾಗಿದ್ದರೆ ಟ್ರೈಪಾಡ್ ಕಾಲನ್ನೇ ಉದ್ದ ಗಿಡ್ಡ ಮಾಡುತ್ತಾ ಕೂರಬೇಕು. ಇದ್ದದ್ದರಲ್ಲಿ ಶುರು ಮಾಡಿ, ಬೇಡ ಅನ್ನುವುದಿಲ್ಲ. ಮ್ಯಾಕ್ರೋಗೆಂದೇ ಹೊಸದು ಕೊಳ್ಳುವುದಾದರೆ ಬೇಡ.

ಇನ್ನೊಂದು ನೋಡಿಕೊಳ್ಳಿ. ತೀರಾ ಕಡಿಮೆ ಬೆಲೆಯ ಕೆಲವು ಟ್ರೈಪಾಡ್‌ಗಳಲ್ಲಿ ಹೆಡ್ ಬಿಚ್ಚಲಿಕ್ಕೇ ಬರುವುದಿಲ್ಲ, ಕೋಲಿಗೆ ಅಂಟಿಕೊಂಡೇ ಇರುತ್ತದೆ. ಬಿಚ್ಚಲು ಬರುವುದಾದರೆ ಕೆಳಗೆ 3/8 ಇಂಚಿನ ಸ್ಕ್ರೂ ಇರುತ್ತದೆ, ಸಣ್ಣವಕ್ಕೆ 1/4 ಇಂಚು. ಎರಡಕ್ಕೂ ಹೊಂದಿಸುವ ಹಿತ್ತಾಳೆ ಬುಶ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಕೈಯಲ್ಲೇ ಸಾಕು (ಬೆಂಗಳೂರು)

ಇಷ್ಟೆಲ್ಲಾ ಆದ ಮೇಲೆ ಗೇರ್ಡ್ ಹೆಡ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ಟ್ರೈಪಾಡ್ ಬೇಡ ಅನ್ನುವ ನನಗೇ ಅದರ ಮೇಲೆ ಕಣ್ಣಿದೆ. ಗೆಳೆಯನ ಹತ್ತಿರ ತಿರುಗಿಸಿ ನೋಡಿದೆ. ನಾಬ್ ತಿರುಗಿಸಿದಷ್ಟೇ ಹೋಗುತ್ತದೆ, ಬಿಟ್ಟಲ್ಲೇ ನಿಲ್ಲುತ್ತದೆ, ಬಿಗಿ ಮಾಡುವ ಕೆಲಸವೇ ಇಲ್ಲ.

ಗೇರ್ ಬಾಕ್ಸ್ (ಹುಬ್ಬಳ್ಳಿ)

ನಾನು ಹೇಳಬೇಕೆಂದೇ ಇದ್ದೆ, ಬಜೆಟ್ ನೋಡಿ ಸುಮ್ಮನಾದೆ. ಅದರೊಳಗೆ ವರ್ಮ್ ಗೇರ್ ಇರುತ್ತದೆ. ನಾಬ್ ಗೇರನ್ನು ತಿರುಗಿಸಬಲ್ಲದು, ಗೇರ್ ತಿರುಗಿ ನಾಬನ್ನು ತಿರುಗಿಸಲಾರದು. ಅದಕ್ಕೇ ಲಾಕ್ ಬೇಡ. ಮ್ಯಾಕ್ರೋಗೆ ಇದಕ್ಕಿಂತ ಒಳ್ಳೆಯ ಹೆಡ್ ಇಲ್ಲ, ಇದರಲ್ಲಿ ವಾದವೇ ಬೇಡ.

ಮ್ಯಾನ್‌ಫ್ರೋಟೋ 410 ಹಳೆಯದು, ಲೋಹದ್ದು, 1.2 ಕೆಜಿ ಚಿಲ್ಲರೆ ತೂಕ, 5 ಕೆಜಿ ಭಾರ ಹೊರುತ್ತದೆ. ಅದೇ ಕಂಪನಿಯ ಎಕ್ಸ್‌ಪ್ರೋ ಗೇರ್ಡ್ ಹೆಡ್ 750 ಗ್ರಾಂ, 4 ಕೆಜಿ. ಬೆನ್ರೋ ಜಿಡಿ3ಡಬ್ಲ್ಯುಎಚ್ ಕೂಡ ಒಳ್ಳೆಯದು, ಅದಕ್ಕೆ ಆರ್ಕಾ ಮಾದರಿಯ ಪ್ಲೇಟ್, ಹಲವು ಕಂಪನಿಗಳು ಬಳಸುವ ಅಳತೆ. ಹೊಸದು ಯಾವುದೂ 8000ಕ್ಕೆ ಬರುವುದಿಲ್ಲ. 410 ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಅದೃಷ್ಟ. ನೋಡುವಾಗ ಕ್ಯಾಮೆರಾ ಕೂರಿಸಿ, ನಾಬ್ ಒಂದು ಕಡೆಗೆ ತಿರುಗಿಸಿ, ತಕ್ಷಣ ಹಿಂದಕ್ಕೆ ತಿರುಗಿಸಿ. ಚಿತ್ರ ಹೊರಡುವ ಮೊದಲು ನಾಬ್ ಖಾಲಿ ತಿರುಗಿದರೆ ಗೇರ್ ಸವೆದಿದೆ ಅಂತ ಅರ್ಥ. ಒಂಚೂರು ಖಾಲಿ ಇದ್ದರೆ ನಡೆಯುತ್ತದೆ, ಕಾಲು ಸುತ್ತು ಖಾಲಿ ಹೋದರೆ ಬಿಟ್ಟುಬಿಡಿ.

ಪ್ಲೇಟ್ ವಿಷಯ ಮರೆಯಬೇಡಿ. 410ಕ್ಕೆ ಆರ್‌ಸಿ4, ಎಕ್ಸ್‌ಪ್ರೋಗೂ 804ಕ್ಕೂ ಆರ್‌ಸಿ2. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ. ಮುಂದೆ ರೈಲ್ (ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ಹಳಿ), ಎಲ್ ಬ್ರಾಕೆಟ್ ಅಂತ ಹೋಗುವ ಯೋಚನೆ ಇದ್ದರೆ ಹೆಡ್ ಮೇಲೆ ಒಂದು ಆರ್ಕಾ ಕ್ಲಾಂಪ್ ಕೂರಿಸಿಬಿಡಿ. 38 ಮಿ.ಮೀ. ಅಗಲದ ಪ್ಲೇಟ್ ಯಾರು ಮಾಡಿದ್ದಾದರೂ ಸಾಮಾನ್ಯವಾಗಿ ಕೂರುತ್ತದೆ.

ಅಣಬೆ ಬೇಟೆ (ಶಿರಸಿ)

1.2 ಕೆಜಿ ಹೆಡ್, ಕಾಲು, ಕ್ಯಾಮೆರಾ, ಕೊಡೆ, ಇಂಬಳಕ್ಕೆ ಸುಣ್ಣ... ನಮ್ಮ ಬೆಟ್ಟ ಹತ್ತುವುದು ಯಾರು? 804ರ ತೂಕಕ್ಕೇ ಸ್ವಲ್ಪ ಯೋಚನೆ.

ತ್ರೀ-ವೇ ಬಗ್ಗೆ ಒಂದು ಅನುಮಾನ. ನೆಲಕ್ಕೆ ತಾಗಿಸಿ ಇಟ್ಟಾಗ ಆ ಹಿಡಿಗಳು ಅಡ್ಡ ಬರುವುದಿಲ್ಲವೇ? ನನ್ನ ಅಣಬೆಗಳು ನೆಲದಿಂದ ಎರಡು ಮೂರು ಇಂಚು ಅಷ್ಟೆ.

ಹಳೇ ರೋಲು (ಮೈಸೂರು)

ಬರುತ್ತದೆ. ಸುಳ್ಳು ಹೇಳುವುದಿಲ್ಲ. ಹಿಂದಿನ ಹಿಡಿ ನೆಲಕ್ಕೆ ತಾಗುತ್ತದೆ, ಪಕ್ಕದ್ದು ಟ್ರೈಪಾಡ್ ಕಾಲಿಗೆ. ನಾನು ಮಾಡುವುದು, ಹೆಡ್ ತಿರುಗಿಸಿ ಹಿಂದಿನ ಹಿಡಿ ಎರಡು ಕಾಲುಗಳ ನಡುವಿನ ಸಂದಿಗೆ ಬರುವ ಹಾಗೆ ಕೂರಿಸುವುದು. ಆಗ ತಿರುಗಿಸಲು ಜಾಗ ಸಿಗುತ್ತದೆ. ಮಧ್ಯದ ಕೋಲು ತಲೆಕೆಳಗು ಮಾಡಿ ಕ್ಯಾಮೆರಾ ನೇತುಹಾಕುವ ದಾರಿಯೂ ಇದೆ, ಆದರೆ ತಲೆಕೆಳಗು ಸ್ಕ್ರೀನ್ ನೋಡುತ್ತಾ ಯಾವ ಹಿಡಿ ಯಾವ ಕಡೆಗೆ ಅಂತ ಯೋಚಿಸುವಷ್ಟರಲ್ಲಿ ತಲೆ ಕೆಡುತ್ತದೆ. 80ಡಿ ಸ್ಕ್ರೀನ್ ಮಡಚಿ ತಿರುಗುತ್ತದಲ್ಲ, ಅದೊಂದು ಪುಣ್ಯ. ಕೆಸರಿನಲ್ಲಿ ಮಲಗುವುದು ತಪ್ಪುತ್ತದೆ.

ತೀರಾ ನೆಲಮಟ್ಟಕ್ಕೆ ಹೆಡ್ ಬೇಡವೇ ಬೇಡ. ದಪ್ಪ ಬಟ್ಟೆ ಚೀಲ ಹೊಲಿಸಿ, ಒಳಗೆ ಕಾಳು ತುಂಬಿ, ಅದರ ಮೇಲೆ ಕ್ಯಾಮೆರಾ ಇಡಿ.

ಕರಾವಳಿ ಕಣ್ಣು (ಉಡುಪಿ)

ಮಳೆಗಾಲದಲ್ಲಿ ಕಾಳು ತುಂಬಬೇಡಿ ಅಕ್ಕ. ಒದ್ದೆಯಾದರೆ ನಾಲ್ಕನೇ ದಿನ ಚೀಲದಿಂದ ಮೊಳಕೆ. ಪ್ಲಾಸ್ಟಿಕ್ ಮಣಿ ಹಾಕಿ.

ಅಣಬೆ ಬೇಟೆ (ಶಿರಸಿ)

ಹ್ಹಹ್ಹ. ಸರಿ. ಇನ್ನೊಂದು ಕೇಳುವುದಿದೆ. ಫೋಕಸಿಂಗ್ ರೈಲ್ ಬೇಕೇ ಬೇಕಾ? ಕೆಲವರು ಹೆಡ್‌ಗಿಂತ ರೈಲ್ ಮುಖ್ಯ ಅನ್ನುತ್ತಾರೆ.

ಗೇರ್ ಬಾಕ್ಸ್ (ಹುಬ್ಬಳ್ಳಿ)

1:1ರಲ್ಲಿ ಎಫ್/8 ಇಟ್ಟರೆ ನಿಮ್ಮ ಕ್ಯಾಮೆರಾದಲ್ಲಿ ಶಾರ್ಪ್ ಆಗಿ ಬರುವ ಆಳ ಅರ್ಧ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಎಫ್/11ಕ್ಕೆ ಮುಕ್ಕಾಲು ಮಿ.ಮೀ. ದಾಟುತ್ತದೆ. ಅಷ್ಟೇ. ಆ ಅಂತರದಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ಅಣಬೆಯ ಗಾತ್ರವೂ ಬದಲಾಗುತ್ತದೆ. ರೈಲ್ ಇದ್ದರೆ ಇಡೀ ಕ್ಯಾಮೆರಾವೇ ಕೂದಲೆಳೆಯಷ್ಟು ಹಿಂದೆ ಮುಂದೆ ಹೋಗುತ್ತದೆ. ಬೇರೆ ಬೇರೆ ಕಡೆ ಫೋಕಸ್ ಇರುವ ಹತ್ತಾರು ಫೋಟೋ ತೆಗೆದು ಸ್ಟ್ಯಾಕ್ ಮಾಡುವವರಿಗೂ, ಅಂದರೆ ಒಂದೇ ಫೋಟೋ ಆಗಿ ಸೇರಿಸುವವರಿಗೂ, ಅದು ಅನುಕೂಲ.

ನೀವು ದಿನಾ 1:1ರಲ್ಲೇ ತೆಗೆಯುತ್ತೀರಾ? ಇಡೀ ಅಣಬೆ ಫ್ರೇಮ್‌ಗೆ ಬರಬೇಕಾದರೆ 1:3, 1:4 ಇರುತ್ತದೆ, ಅಲ್ವಾ? ಅಷ್ಟಕ್ಕೆ ಫೋಕಸ್ ರಿಂಗ್ ಸಾಕು. ಅಗ್ಗದ ನಾಲ್ಕು ದಿಕ್ಕಿನ ರೈಲ್‌ಗಳಲ್ಲಿ ಎರಡು ಅಂತಸ್ತು, ಎರಡರಲ್ಲೂ ಆಟ ಇರುತ್ತದೆ. ಹೆಡ್‌ನ ಜಾರಾಟ ನಿಲ್ಲಿಸಲು ಹೋಗಿ ಮೇಲೆ ಇನ್ನೊಂದು ಅಲುಗಾಟ ಕೂರಿಸಿದ ಹಾಗೆ. ಈ ಮಳೆಗಾಲ ರೈಲ್ ಬೇಡ.

ಕೈಯಲ್ಲೇ ಸಾಕು (ಬೆಂಗಳೂರು)

ಹೆಡ್ ಯಾವುದೇ ಆಗಲಿ, ಶಟರ್ ಬಟನ್ ಬೆರಳಲ್ಲಿ ಒತ್ತಿದರೆ ಎಲ್ಲ ನೀರಿಗೆ ಹೋಮ. 2 ಸೆಕೆಂಡ್ ಟೈಮರ್ ಇಡಿ, ಇಲ್ಲವೇ ಮೊಬೈಲ್‌ನಿಂದ ಒತ್ತಿ, 80ಡಿಗೆ ವೈಫೈ ಇದೆ. ಲೈವ್ ವ್ಯೂನಲ್ಲೇ ತೆಗೆದರೆ ಕನ್ನಡಿ ಮೊದಲೇ ಮೇಲೆ ಇರುತ್ತದೆ, ಅದರ ಹೊಡೆತ ತಪ್ಪಿತು. ಸೈಲೆಂಟ್ ಮೋಡ್ ಕೂಡ ಹಾಕಿ. ಮಧ್ಯದ ಕೋಲು ಎತ್ತಲೇಬೇಡಿ.

ಅಂದಹಾಗೆ, ಹೊಸ ಹೆಡ್ ಬಂದ ಮೇಲೆ ಆ ಸಣ್ಣ ಬಾಲ್ ಹೆಡ್ ಎಸೆಯಬೇಡಿ. ಫ್ಲ್ಯಾಶ್ ಅಥವಾ ಸಣ್ಣ ಎಲ್‌ಇಡಿ ಹಿಡಿಸಲು ಅದಕ್ಕಿಂತ ಚೆನ್ನಾಗಿರುವುದು ಇಲ್ಲ.

ಅಣಬೆ ಬೇಟೆ (ಶಿರಸಿ)

ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಮುಗಿಯಿತು. ಮೊದಲು ಕಾಲರ್ ತರಿಸಿದೆ. ಒಳಗಿನ ಪಟ್ಟಿ ಸ್ವಲ್ಪ ಸಡಿಲ ಇತ್ತು, ತೆಳು ಫೆಲ್ಟ್ ಬಟ್ಟೆ ಅಂಟಿಸಿದೆ, ಈಗ ಗಟ್ಟಿ ಕೂತಿದೆ. ಅದನ್ನು ಹಾಕಿ ಹಳೇ ಬಾಲ್ ಹೆಡ್ ಮೇಲೇ ನೋಡಿದರೆ ಮೆಲ್ಲಗೆ ಇಳಿಯುವುದು ಪೂರ್ತಿ ಹೋಗಿತ್ತು. ತಟ್ಟನೆ ಜಿಗಿಯುವುದು ಅರ್ಧಕ್ಕಿಂತ ಕಡಿಮೆ ಆಗಿತ್ತು, ಆದರೆ ಇತ್ತು.

ಹಾಗಾಗಿ 804ಆರ್‌ಸಿ2 ಸೆಕೆಂಡ್ ಹ್ಯಾಂಡ್ ತಗೊಂಡೆ. ಕಾಲರ್, ಹೆಡ್ ಎರಡೂ ಸೇರಿ ಬಜೆಟ್ ಒಳಗೇ ಮುಗಿಯಿತು. ಪ್ಲೇಟ್ ಇರಲಿಲ್ಲ, ಹಳೇ ರೋಲು ಸಾರ್ ಹೇಳಿದ ಹಾಗೇ! ಬೇರೆ ಕೊಂಡೆ. ಮೊನ್ನೆ ಕೊಳೆತ ಹಲಸಿನ ಕೊರಡಿನ ಮೇಲಿನ ಅಣಬೆಗೆ ಇಟ್ಟೆ. ಮೇಲೆ ಕೆಳಗಿನ ಹಿಡಿ ಬಿಗಿ ಮಾಡಿದರೆ ಪದರ ಕೂದಲಿನಷ್ಟೂ ಸರಿಯಲಿಲ್ಲ. ಉದ್ದ ಫೋಟೋಗೆ ಬಳೆ ತಿರುಗಿಸಿದೆ, ಹಿಡಿ ಮುಟ್ಟಲಿಲ್ಲ. ಪಕ್ಕದ ಹಿಡಿ ಬಳಸುವುದೇ ಇಲ್ಲ ಅಂತಾದರೆ ಬಿಚ್ಚಿಟ್ಟುಬಿಡಲೇ ಅಂತ ಯೋಚನೆ.

ಒಂದೇ ತಕರಾರು. ಸುತ್ತುವ ಬುಡದಲ್ಲಿ ಕರಕರ ಸದ್ದು, ಮಣ್ಣು ಹೊಕ್ಕಿರಬೇಕು. ಎಣ್ಣೆ ಬಿಡಲಾ?

ಗೇರ್ ಬಾಕ್ಸ್ (ಹುಬ್ಬಳ್ಳಿ)

ಎಣ್ಣೆ ಬೇಡ! ಅಡುಗೆ ಎಣ್ಣೆಯೂ ಬೇಡ, ಹೊಲಿಗೆ ಮಿಷನ್ ಎಣ್ಣೆಯೂ ಬೇಡ. ಎಣ್ಣೆ ಇದ್ದ ಕಡೆ ಮಣ್ಣು ಅಂಟಿ ಅರೆಯುತ್ತದೆ. ಜೊತೆಗೆ ಆ ಹೆಡ್ ನಿಲ್ಲುವುದೇ ಉಜ್ಜುವಿಕೆಯ ಮೇಲೆ, ಎಣ್ಣೆ ಬಿಟ್ಟರೆ ಮತ್ತೆ ಜಾರಾಟ. ಮೊದಲು ಒಣ ಬ್ರಶ್‌ನಿಂದ ಸಂದಿ ಕೆರೆಯಿರಿ, ರಬ್ಬರ್ ಬ್ಲೋವರ್‌ನಿಂದ ಊದಿ. ಆಮೇಲೂ ಸದ್ದು ಬಂದರೆ ಬುಡ ಬಿಚ್ಚಬೇಕಾಗುತ್ತದೆ. ಬಿಚ್ಚುವ ಮೊದಲು ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ವಾಷರ್ ಯಾವುದರ ಮೇಲೆ ಯಾವುದಿತ್ತು ಅಂತ ಗೊತ್ತಿರಲಿ. ಪಕ್ಕದ ಹಿಡಿ ಈಗಲೇ ಬಿಚ್ಚಬೇಡಿ, ಕೊರಡು ವಾರೆ ಇದ್ದ ದಿನ ಬೇಕಾಗುತ್ತದೆ.